ಹೊಟ್ಟೆ ಚೆನ್ನಾಗಿದೆ, ರಿಪೋರ್ಟ್ ಮಾತ್ರ ಜಾಸ್ತಿ ಬಂದಿದೆ!

ಪ್ರಶ್ನೆ: ನನಗೆ 34 ವರ್ಷ. ಕೋಲಾರದ ಟೊಮೆಟೊ ಮಂಡಿಯಲ್ಲಿ ಕೆಲಸ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಲ್ಲಿ ಉರಿಯೂತ, ಹುಣ್ಣು) ಇದೆ. ಮೆಸಲಮೈನ್ ಮಾತ್ರೆ ತಗೊಂಡು ಒಂದು ವರ್ಷದಿಂದ ರಕ್ತ, ಭೇದಿ ಏನೂ ಇಲ್ಲ. ಆದರೂ ಡಾಕ್ಟರು ಕರುಳಿನ ಉರಿಯೂತ ತಿಳಿಯಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬರೆದುಕೊಟ್ಟರು. 310 ಬಂದಿದೆ. ಕ್ರೇಟ್ ಎತ್ತಿ ಎತ್ತಿ ಸೊಂಟ ನೋವು, ಅದಕ್ಕೆ ಆಗಾಗ ಡೈಕ್ಲೋಫೆನಾಕ್ ನುಂಗುತ್ತೇನೆ. ಕಾಯಿಲೆ ಮತ್ತೆ ಬರುತ್ತಾ ಡಾಕ್ಟ್ರೇ?

ಉತ್ತರ: ಮೊದಲು ಆ ನೋವಿನ ಮಾತ್ರೆ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕರುಳನ್ನು ಕೆರಳಿಸುತ್ತವೆ. ಕೆಲವರಲ್ಲಿ ಮಲಗಿದ್ದ ಕೊಲೈಟಿಸನ್ನೇ ಎಬ್ಬಿಸುತ್ತವೆ. ಕಾಯಿಲೆ ಏಳದಿದ್ದರೂ ಕ್ಯಾಲ್‌ಪ್ರೊಟೆಕ್ಟಿನ್ ಏರಬಹುದು. ಹಾಗಾಗಿ ಈ 310 ಯಾವುದರದ್ದು ಅಂತ ಈಗಲೇ ಹೇಳಲಾಗದು. ನೋವಿಗೆ ಬೇರೆ ಏನು ತಗೊಳ್ಳಬಹುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಬೆಳಿಗ್ಗೆ ಏಳುವಾಗ ಸೊಂಟ ಬಿಗಿದುಕೊಂಡು, ಓಡಾಡಿದ ಮೇಲೆ ಸಡಿಲವಾಗುತ್ತಾ? ಆಗುವುದಾದರೆ ತಪ್ಪದೆ ಹೇಳಿ. ಕೊಲೈಟಿಸ್ ಇರುವವರಿಗೆ ಬೆನ್ನುಮೂಳೆಯ ಕೀಲುಗಳಲ್ಲೂ ಉರಿಯೂತ ಬರುವುದುಂಟು. ಸುಮ್ನೆ ಕ್ರೇಟ್ ಮೇಲೆ ತಪ್ಪು ಹಾಕಿ ಕೂರಬೇಡಿ.

ಇನ್ನು ಪರೀಕ್ಷೆಯ ವಿಷಯ. ಕರುಳಿನ ಒಳಪದರದಲ್ಲಿ ಉರಿಯೂತ ಶುರುವಾದರೆ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಅವುಗಳೊಳಗಿನ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಮಲಕ್ಕೆ ಸೇರುತ್ತದೆ. ರಕ್ತ ಕಾಣಿಸುವ ಎರಡು ಮೂರು ತಿಂಗಳು ಮೊದಲೇ ಇದು ಏರತೊಡಗಬಹುದು. ನೀವು ಚೆನ್ನಾಗಿದ್ದಾಗಲೇ ಡಾಕ್ಟರು ಮಾಡಿಸಿದ್ದು ಇದಕ್ಕೇ. ಒಳ್ಳೆಯ ಕೆಲಸ ಮಾಡಿದ್ದಾರೆ.

ತೊಂದರೆ ಏನೂ ಇಲ್ಲದವರಲ್ಲಿ ಒಂದು ಗ್ರಾಂ ಮಲಕ್ಕೆ 150 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ನೆಮ್ಮದಿಯಿಂದ ಇರಬಹುದು. 250 ದಾಟಿದರೆ ಉರಿಯೂತದ ಅನುಮಾನ ಬರುತ್ತದೆ. ಆದರೆ ಒಂದೇ ರಿಪೋರ್ಟ್ ಹಿಡಿದು ಗಾಬರಿ ಬೇಡ. ಹೋಟೆಲ್ ಊಟದಿಂದ ಭೇದಿಯಾದರೂ ಏರುತ್ತದೆ. ಒಬ್ಬರಲ್ಲೇ ದಿನದಿಂದ ದಿನಕ್ಕೂ ವ್ಯತ್ಯಾಸ ಬರುತ್ತದೆ.

ನೋವಿನ ಮಾತ್ರೆ ಬಿಟ್ಟು ಕೆಲವು ವಾರವಾದ ಮೇಲೆ, ಡಾಕ್ಟರಿಗೆ ಹೇಳಿ ಮತ್ತೆ ಪರೀಕ್ಷೆ ಮಾಡಿಸಿ. ಬೆಳಿಗ್ಗೆಯ ಮೊದಲ ಮಲವನ್ನೇ ಕೊಡಿ. ಲ್ಯಾಬ್ ಬದಲಿಸಬೇಡಿ. ಕಿಟ್ ಬೇರೆಯಾದರೆ ಅಂಕಿಯೂ ಬೇರೆ ಬರುತ್ತದೆ, ಹೋಲಿಸಲು ಆಗುವುದಿಲ್ಲ. ಸ್ಯಾಂಪಲ್ ಬೆಂಗಳೂರಿಗೆ ಹೋಗುವುದಾದರೆ ಎಷ್ಟು ದಿನದೊಳಗೆ ತಲುಪಬೇಕು, ಫ್ರಿಡ್ಜಲ್ಲಿ ಇಡಬೇಕಾ ಅಂತ ಕೇಳಿಕೊಳ್ಳಿ.

ಎರಡನೇ ಸಲವೂ ಜಾಸ್ತಿ ಬಂದರೆ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಪರೀಕ್ಷೆ) ಮಾಡಿ ನೋಡುವುದೇ ಸರಿ. ಅಲ್ಲಿಯವರೆಗೆ ಮೆಸಲಮೈನ್ ಒಂದು ದಿನವೂ ತಪ್ಪಿಸಬೇಡಿ. ಡೋಸ್ ನೀವೇ ಏರಿಸಲೂ ಬೇಡಿ. ಮಲದಲ್ಲಿ ರಕ್ತ ಕಂಡರೆ ರಿಪೋರ್ಟಿಗೆ ಕಾಯದೆ ಡಾಕ್ಟರಿಗೆ ತಿಳಿಸಿ. ರಕ್ತದ ಜೊತೆ ಜ್ವರ ಬಂದರೆ, ಅಥವಾ ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ.