ಹೊಸ ಶೋಕೇಸಿನಲ್ಲಿ ಬೆಳ್ಳಿ ಕಪ್ಪಾಗುವ ಬಗ್ಗೆ

ಅಂಗಡಿ ನವೀಕರಿಸಿದ ಮೂರೇ ವಾರಗಳಲ್ಲಿ ಬೆಳ್ಳಿಯ ಒಡವೆಗಳು ಕಪ್ಪಾಗಿ, ಪಕ್ಕದ ಉಕ್ಕಿನ ಗಡಿಯಾರಗಳು ಮಾತ್ರ ಹಾಗೆಯೇ ಉಳಿದಿವೆ ಎಂದರೆ, ಶೋಕೇಸಿನ ಉಣ್ಣೆಯ ಹಾಸು ಅಥವಾ ಬಾಗಿಲಂಚಿನ ರಬ್ಬರ್ ಪಟ್ಟಿ ಹೊರಬಿಡುವ ಗಂಧಕದ ಅನಿಲವೇ ಕಾರಣವಿರಬೇಕು. ಎರಡರಲ್ಲಿ ಯಾವುದೆಂದು ಪರೀಕ್ಷಿಸದೆ ಹೇಳಲಾಗದು.

ಮೊದಲು ಬೆಳ್ಳಿಯನ್ನೆಲ್ಲ ಹೊರತೆಗೆಯಿರಿ. ಅನಂತರ ಮೂರು ಗಾಜಿನ ಭರಣಿಗಳಲ್ಲಿ ಉಜ್ಜಿ ಹೊಳಪಿಸಿದ ಬೆಳ್ಳಿಯ ತುಣುಕನ್ನೂ ಒದ್ದೆ ಹತ್ತಿಯನ್ನೂ ಒಂದಕ್ಕೊಂದು ತಾಗದಂತೆ ಇಟ್ಟು, ಒಂದಕ್ಕೆ ಹಾಸಿನ ಚೂರನ್ನು, ಇನ್ನೊಂದಕ್ಕೆ ರಬ್ಬರಿನ ಚೂರನ್ನು ಸೇರಿಸಿ, ಮೂರನೆಯದನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟು, ಬಿಗಿಯಾಗಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿಡಿ. ವಸ್ತುಸಂಗ್ರಹಾಲಯಗಳಲ್ಲಿ ಇಂಥದ್ದೇ ಪರೀಕ್ಷೆಯನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ನಡೆಸುತ್ತಾರೆ.

ಬೆಳ್ಳಿಯನ್ನು ಕಪ್ಪಾಗಿಸಿದ ವಸ್ತುವನ್ನು ದಯವಿಟ್ಟು ಪೂರ್ತಿ ಕಿತ್ತು, ಉಣ್ಣೆಯಾದರೆ ಪಾಲಿಯೆಸ್ಟರ್ ಬಟ್ಟೆಯನ್ನು, ರಬ್ಬರಾದರೆ ಸಿಲಿಕೋನ್ ಪಟ್ಟಿಯನ್ನು ಹಾಕಿಸಿ.