ಇಂಜೆಕ್ಟರ್ ಕ್ಲೀನರ್ ಹಾಕಿದ ಮೇಲೆ ಎಂಜಿನ್ ನಡುಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಮೈಲೇಜ್ ಇಳಿದಿದೆ ಎಂದು ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಸ್ವಚ್ಛಗೊಳಿಸುವ ದ್ರಾವಣವನ್ನು ತಂದು ಇಡೀ ಬಾಟಲಿಯನ್ನು ಟ್ಯಾಂಕಿಗೆ ಸುರಿದೆ. ಆಗ ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು. ಎರಡು ದಿನಗಳಲ್ಲಿ ಐಡ್ಲಿಂಗ್‌ನಲ್ಲಿ ನಡುಕ ಶುರುವಾಯಿತು, ಏರಿನಲ್ಲಿ ಪಿಕಪ್ ಇಲ್ಲ, ಎಂಜಿನ್ ದೀಪ ಆಗಾಗ ಮಿನುಗುತ್ತದೆ. ಇನ್ನೊಂದು ಬಾಟಲಿ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಲೇ?

ಉತ್ತರ: ಬೇಡ. ದೀಪ ಮಿನುಗುತ್ತಿರುವಾಗ ಕಾರನ್ನೂ ಓಡಿಸಬೇಡಿ. ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್‌ವರೆಗೆ ಹೋಗಬಹುದು. ಮಿನುಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಅತಿಯಾದ ಶಾಖಕ್ಕೆ ಅದರ ಒಳಭಾಗವೇ ಕರಗಿಹೋಗಬಹುದು, ಆಗ ಖರ್ಚು ಬಾಟಲಿಯ ಲೆಕ್ಕದಲ್ಲಿ ಮುಗಿಯುವುದಿಲ್ಲ.

ಇನ್ನು ಕಾರಣಕ್ಕೆ ಬರೋಣ. ಇಂಥ ಬಾಟಲಿಗಳನ್ನು ಸಾಮಾನ್ಯವಾಗಿ ತುಂಬಿದ ಟ್ಯಾಂಕಿನ ಅಳತೆಗೆ ತಯಾರಿಸಿರುತ್ತಾರೆ. ನಿಮ್ಮ ಟ್ಯಾಂಕ್ 40 ಲೀಟರಿನದು ಎಂದಿಟ್ಟುಕೊಂಡರೆ 10 ಲೀಟರ್ ಪೆಟ್ರೋಲಿಗೆ ನಾಲ್ಕು ಪಟ್ಟು ಮದ್ದು ಬಿದ್ದಿದೆ. ಆ ಸಾಂದ್ರತೆಯೇ ಎಂಜಿನ್ನನ್ನು ಒರಟಾಗಿ ಓಡಿಸಬಲ್ಲದು. ಹಾಗಾಗಿದ್ದರೆ ಟ್ಯಾಂಕ್ ತುಂಬಿಸಿ ತೆಳುವಾಗಿಸುವುದೇ ಮೊದಲ ಚಿಕಿತ್ಸೆ. ಆದರೆ ಎರಡು ದಿನ ಬಿಟ್ಟು ತೊಂದರೆ ಶುರುವಾದದ್ದು ಬೇರೊಂದು ಅನುಮಾನ ಹುಟ್ಟಿಸುತ್ತದೆ. ವರ್ಷಗಳಿಂದ ಅಂಟಿಕೊಂಡಿದ್ದ ಕೊಳೆ ಸಡಿಲಗೊಂಡು ಫಿಲ್ಟರ್ ಅಥವಾ ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಂಡಿರಬಹುದು. ಈಗಿನ ಹಲವು ಕಾರುಗಳಲ್ಲಿ ಪೆಟ್ರೋಲ್ ಫಿಲ್ಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುತ್ತದೆ. ಕಣ್ಣಿಗೆ ಬೀಳದ್ದರಿಂದ ಬದಲಿಸುವ ನೆನಪೂ ಯಾರಿಗೂ ಆಗುವುದಿಲ್ಲ.

ಊಹೆಯ ಮೇಲೆ ಬಿಡಿಭಾಗ ಬದಲಿಸಲು ಒಪ್ಪಬೇಡಿ, ಮೊದಲು ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0171 ಕೋಡ್ ಬಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಫಿಲ್ಟರ್, ಪಂಪ್, ಇಲ್ಲವೇ ಎಲ್ಲೋ ಗಾಳಿ ಸೋರಿಕೆಯನ್ನು ಹುಡುಕಬೇಕು. ಪಿ0302 ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಗ್ನಿಷನ್ ಕಾಯಿಲ್ (ಕಿಡಿಗೆ ವಿದ್ಯುತ್ ಒದಗಿಸುವ ಭಾಗ) ಇರುವ ಕಾರಾದರೆ ಆ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಇಲ್ಲಿಗೆ ತರಲು ಹೇಳಿ. ಕೋಡ್ ಪಿ0303ಕ್ಕೆ ಜಿಗಿದರೆ ತಪ್ಪು ಕಾಯಿಲಿನದು. ಪಾಪ, ಬಾಟಲಿಗೆ ಸಂಬಂಧವೇ ಇಲ್ಲ. ಕೋಡ್ ಅಲ್ಲೇ ಉಳಿದರೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಲಿ. ಪ್ಲಗ್‌ನ ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಬರುತ್ತಿದೆ. ಇಟ್ಟಿಗೆ ಕೆಂಪು ಪುಡಿ ಕೂತಿದ್ದರೆ ಬಾಟಲಿಯ ಲೇಬಲ್ ಮತ್ತೆ ಓದಿ: ಕಬ್ಬಿಣದ ಸಂಯುಕ್ತವಿರುವ ಆಕ್ಟೇನ್ ಬೂಸ್ಟರ್‌ಗಳು ಅಂಥ ಗುರುತು ಬಿಡುತ್ತವೆ, ಅದರಿಂದಲೂ ಕಿಡಿ ತಪ್ಪುತ್ತದೆ. ಲೇಬಲ್ಲಿನಲ್ಲಿ ‘ಡೀಸೆಲ್’ ಎಂದಿದ್ದರೆ ಟ್ಯಾಂಕ್ ಖಾಲಿ ಮಾಡಿಸುವುದೇ ಲೇಸು.

ಅದೇ ದಿನಗಳಲ್ಲಿ ಹೊಸದಾಗಿ ಪೆಟ್ರೋಲ್ ಹಾಕಿಸಿದ್ದಿರಾ? ಹಾಗಿದ್ದರೆ ಮೆಕ್ಯಾನಿಕ್‌ನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಪಾತ್ರೆಗೆ ತೆಗೆಸಿ, ಅರ್ಧ ಗಂಟೆ ಅಲುಗಾಡಿಸದೆ ಇಡಿಸಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಎಥನಾಲ್ ಬೆರೆತ ಪೆಟ್ರೋಲಾದರೆ ಆ ಎಥನಾಲ್ ಕೂಡ ನೀರಿನೊಂದಿಗೆ ಕೆಳಗಿಳಿದಿರುತ್ತದೆ.

ಮೂಲ ದೂರು ಮೈಲೇಜಿನದು. ಟೈರಿನ ಗಾಳಿ, ಏರ್ ಫಿಲ್ಟರ್, ಬಿಗಿಹಿಡಿಯುವ ಬ್ರೇಕ್, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ದಣಿದಿದೆಯೇ ಇವನ್ನು ನೋಡದೆ ಬಾಟಲಿಗೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ. ರಿಪೇರಿ ಮುಗಿದ ಮೇಲೆ ಎಂಜಿನ್ ಆಯಿಲನ್ನೂ ಬದಲಿಸಿಬಿಡಿ, ದ್ರಾವಣದ ಒಂದಿಷ್ಟು ಅಂಶ ಪಿಸ್ಟನ್ ರಿಂಗ್ ದಾಟಿ ಅದಕ್ಕೂ ಸೇರಿರುತ್ತದೆ. ಖಾಲಿ ಬಾಟಲಿಯನ್ನು ಎಸೆಯದೆ ಗ್ಯಾರೇಜಿಗೆ ಒಯ್ಯಿರಿ.