ಬೇರೆಯವರ ಆಟ ನೋಡೋದಕ್ಕೂ ಒಂದು ಚಾನೆಲ್

ಅರಸೀಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ರಜೆಗೆ ಬಂದ ಮೊಮ್ಮಗ ದಿನವಿಡೀ ಟೀವಿ ಮುಂದೆ. ತಾನು ಆಡುವುದೂ ಅಲ್ಲ, ಯಾರೋ ಕಂಪ್ಯೂಟರಿನಲ್ಲಿ ಆಡುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಬೈದರೆ, ಕೊರಿಯಾದಲ್ಲಿ ಇದಕ್ಕೇ ಅಂತ ಕೇಬಲ್ ಚಾನೆಲ್ ಇತ್ತು ತಾತ ಅಂತಾನೆ. ನಿಜವೋ, ಇಲ್ಲಾ ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ? ನಿಜವಾದರೆ ದುಡ್ಡು ಹಾಕಿದವರು ಯಾರು? ನಮ್ಮಲ್ಲಿ ಯಾಕಿಲ್ಲ?"

ಮೇಷ್ಟ್ರೇ, ನಮಸ್ಕಾರ. ಮೊಮ್ಮಗ ಹೇಳಿದ್ದು ನಿಜ. ಅದೂ ಒಂದಲ್ಲ, ಎರಡು ಚಾನೆಲ್ ಇದ್ದವು.

ಮೊದಲು ನಿಮ್ಮ ಬೈಗುಳದ ವಿಷಯ. ಜಗಲಿ ಮೇಲೆ ಇಬ್ಬರು ಚೌಕಾಬಾರ ಆಡುತ್ತಿದ್ದರೆ ಸುತ್ತ ಆರು ಜನ ನಿಂತು ಕಾಯಿ ನಡೆಸೋದು ಹೇಳಿಕೊಡುತ್ತಿದ್ದರಲ್ಲ, ಅವರೂ ಆಡುತ್ತಿರಲಿಲ್ಲ. ನೀವೂ ನಾನೂ ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು ಕ್ರಿಕೆಟ್ ಕೇಳಿದ ಪೈಕಿ. ನೋಡೋದಕ್ಕೂ ಗತಿ ಇರಲಿಲ್ಲ, ಬರೀ ಕೇಳೋದು! ಹಾಗಾಗಿ ಆ ಒಂದು ವಿಷಯದಲ್ಲಿ ನಾನು ಹುಡುಗನ ಕಡೆ.

ಈಗ ಕೊರಿಯಾ ಕಥೆ. 1997ರಲ್ಲಿ ಆ ದೇಶ ದೊಡ್ಡ ಹಣಕಾಸಿನ ಬಿಕ್ಕಟ್ಟಿಗೆ ಸಿಕ್ಕಿತು. ಕೆಲಸ ಕಳೆದುಕೊಂಡ ಎಷ್ಟೋ ಜನ ಕೈಯಲ್ಲಿದ್ದ ದುಡ್ಡು ಹಾಕಿ 'ಪಿಸಿ ಬಾಂಗ್' ತೆರೆದರು. ಬಾಂಗ್ ಅಂದರೆ ಕೋಣೆ. ಗಂಟೆ ಲೆಕ್ಕದಲ್ಲಿ ಕಾಸು ಕೊಟ್ಟು ಕಂಪ್ಯೂಟರ್ ಮುಂದೆ ಕೂರುವ ಜಾಗ. ಅದೇ ಹೊತ್ತಿಗೆ, 1998ರಲ್ಲಿ, ಅಮೆರಿಕದ ಬ್ಲಿಜರ್ಡ್ ಕಂಪನಿ 'ಸ್ಟಾರ್‌ಕ್ರಾಫ್ಟ್' ಎಂಬ ಆಟ ಬಿಟ್ಟಿತು. ಮೂರು ಜಾತಿಯ ಸೈನ್ಯಗಳು: ಟೆರನ್, ಜರ್ಗ್, ಪ್ರೊಟಾಸ್. ಗಣಿ ತೋಡಬೇಕು, ಮನೆ ಕಟ್ಟಬೇಕು, ಸೈನ್ಯ ಕೂಡಿಸಬೇಕು, ಎದುರಾಳಿಯನ್ನು ಹೊಡೆಯಬೇಕು. ಚದುರಂಗದ ಹಾಗೆ ಸರದಿ ಕಾಯುವಂತಿಲ್ಲ, ಇಬ್ಬರದೂ ಒಟ್ಟಿಗೇ ನಡೆಯುತ್ತದೆ. ಗಲ್ಲಿ ಗಲ್ಲಿಯ ಬಾಂಗ್‌ಗಳಲ್ಲಿ ಹುಡುಗರು ಇದನ್ನೇ ಆಡಿದರು.

ಕೇಬಲ್ ಟೀವಿಯೂ ಅಲ್ಲಿ ಆಗಿನ್ನೂ ಹೊಸದು, 1995ರಲ್ಲಿ ಶುರುವಾಗಿದ್ದು. ಚಾನೆಲ್‌ಗಳಿಗೆ ಕಡಿಮೆ ಖರ್ಚಿನಲ್ಲಿ ಗಂಟೆಗಳನ್ನು ತುಂಬಿಸುವ ಸರಕು ಬೇಕಿತ್ತು. 1999ರಲ್ಲಿ ಟೂನಿವರ್ಸ್ ಎಂಬ ಮಕ್ಕಳ ಕಾರ್ಟೂನ್ ಚಾನೆಲ್ ಸ್ಟಾರ್‌ಕ್ರಾಫ್ಟ್ ಪಂದ್ಯಗಳನ್ನು ತೋರಿಸಿತು. ಜನ ನೋಡಿದರು. ಮರುವರ್ಷವೇ ಅದರ ಮಾಲೀಕರು ಆಟಕ್ಕೆ ಅಂತಲೇ 'ಆನ್‌ಗೇಮ್‌ನೆಟ್' ಚಾನೆಲ್ ತೆರೆದರು. ಆಮೇಲೆ 'ಎಂಬಿಸಿ ಗೇಮ್' ಬಂತು.

ಆದರೆ ಕ್ಯಾಮೆರಾ ಇಟ್ಟ ಮಾತ್ರಕ್ಕೆ ಇದು ನೋಡುವ ಆಟ ಆಗುವುದಿಲ್ಲ. ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾದದ್ದು ಇದೇ ಭಾಗ. ಆಡುವವನಿಗೆ ತನ್ನವರ ಸುತ್ತಮುತ್ತ ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಕತ್ತಲು. ನೋಡುವವನಿಗೆ ಎರಡೂ ಕಡೆ ಕಾಣುತ್ತದೆ. ಬಾಗಿಲ ಹಿಂದೆ ಖಳನಾಯಕ ನಿಂತಿದ್ದಾನೆ ಅಂತ ನಮಗೆ ಗೊತ್ತು, ನಾಯಕನಿಗೆ ಗೊತ್ತಿಲ್ಲ. ಸಿನಿಮಾದಲ್ಲಿ ಹೊಟ್ಟೆ ಕಿವುಚುವುದು ಅಲ್ಲೇ ಅಲ್ವಾ? ಹಾಗಾಗಿ ಯಾವ ಮೂಲೆಯನ್ನು ಯಾವಾಗ ತೋರಿಸಬೇಕು ಅಂತ ತೀರ್ಮಾನಿಸಲು ಒಬ್ಬ ಬೇಕಾಯಿತು. ಅವನಿಗೆ 'ಅಬ್ಸರ್ವರ್' ಎಂದು ಹೆಸರು. ಅವನು ಅರೆಗಳಿಗೆ ತಪ್ಪಿದರೆ ಇಡೀ ದೇಶಕ್ಕೆ ಆ ಏಟು ತಪ್ಪಿತು. ಮೂವರು ಕಾಮೆಂಟರಿಯವರು ಬಂದರು. ಅವರಲ್ಲಿ ಒಬ್ಬರಾದ ಉಮ್ ಜೇ-ಕ್ಯಂಗ್ ಮೊದಲು ಕಾಮಿಕ್ಸ್‌ಗೆ ಕಥೆ ಬರೆಯುತ್ತಿದ್ದವರು. ಆಟಗಾರರಿಗೆ ಪುರಾಣದ ವೀರರ ಕಳೆ ತಂದುಕೊಡೋದು ಅವರಿಗೆ ಕಷ್ಟವಾಗಲಿಲ್ಲ. ಪ್ರೇಕ್ಷಕರ ಕೂಗಿನಿಂದ ಎದುರಾಳಿಯ ಗುಟ್ಟು ಬಯಲಾಗಬಾರದು ಎಂದು ಆಟಗಾರರನ್ನು ಗಾಜಿನ ಗೂಡಿನಲ್ಲಿ ಕೂರಿಸಿದರು. ಒಂದು ಸೈನ್ಯವೇ ಸದಾ ಗೆಲ್ಲುತ್ತಿದೆ ಅನಿಸಿದರೆ ಚಾನೆಲ್‌ನವರೇ ಹೊಸ ರಣರಂಗದ ನಕ್ಷೆ ಮಾಡಿಸಿದರು. ಕ್ರಿಕೆಟ್‌ನಲ್ಲಿ ಪಿಚ್ಚನ್ನು ಟೀವಿಯವರೇ ತಯಾರು ಮಾಡಿದ ಹಾಗೆ.

ಇಷ್ಟೆಲ್ಲ ಮಾಡಿದರೂ ಒಂದು ಕೈಗೆ ಸಿಗಲಿಲ್ಲ, ಸಮಯ. ಈ ಆಟ ಒಂದು ಗಂಟೆಯೂ ನಡೆಯಬಹುದು, ಐದು ನಿಮಿಷಕ್ಕೂ ಮುಗಿಯಬಹುದು. 2004ರ ನವೆಂಬರ್‌ನಲ್ಲಿ ಒಂದು ಸೆಮಿಫೈನಲ್. ಒಂದು ಕಡೆ 'ಟೆರನ್ ಚಕ್ರವರ್ತಿ' ಲಿಮ್ ಯೊ-ಹ್ವಾನ್, ಅವನ ಅಭಿಮಾನಿ ಸಂಘದಲ್ಲೇ ಲಕ್ಷಗಟ್ಟಲೆ ಜನ. ಇನ್ನೊಂದು ಕಡೆ ಹೊಂಗ್ ಜಿನ್-ಹೋ, ಸದಾ ಎರಡನೇ ಸ್ಥಾನಕ್ಕೆ ಹೆಸರಾದವನು, ಪಾಪ. ದೇಶವೇ ಕಾದು ಕೂತಿತ್ತು. ಲಿಮ್ ಆಟ ಶುರುವಾದ ಕೂಡಲೇ ಹೊಂಗ್‌ನ ಮನೆ ಬಾಗಿಲಲ್ಲೇ ಬಂಕರ್ ಕಟ್ಟಿ ಹೊಡೆದ. ಎರಡನೇ ಆಟದಲ್ಲೂ ಅದೇ. ಮೂರನೆಯದರಲ್ಲೂ ಅದೇ! ಮೂರೂ ಸೇರಿ ಅರ್ಧ ಗಂಟೆಯೂ ಆಗಲಿಲ್ಲ. ಪಂದ್ಯ ನೋಡುತ್ತಾ ತಿನ್ನೋಣ ಅಂತ ಕೋಳಿ ತರಿಸಿದವರಿಗೆ ಕೋಳಿ ಬರುವ ಮೊದಲೇ ಪಂದ್ಯ ಮುಗಿದಿತ್ತು ಅಂತ ಅಲ್ಲಿ ಇವತ್ತಿಗೂ ತಮಾಷೆ ಮಾಡುತ್ತಾರೆ. ಟೀವಿಯವರ ಪಾಡು ನೀವೇ ಯೋಚಿಸಿ.

ದುಡ್ಡು ಯಾರದು ಅಂದಿರಿ. ಕೋಕಾಕೋಲಾ, ಮೊಬೈಲ್ ಕಂಪನಿಗಳು, ಬ್ಯಾಂಕು, ಕೊನೆಗೆ ವಿಮಾನ ಕಂಪನಿಯೂ. 2010ರ ಒಂದು ಫೈನಲ್ ವಿಮಾನ ನಿಲ್ಲಿಸುವ ಶೆಡ್ಡಿನಲ್ಲೇ ನಡೆಯಿತು. ಎಸ್‌ಕೆ ಟೆಲಿಕಾಂ, ಕೆಟಿ, ಸ್ಯಾಮ್‌ಸಂಗ್‌ನಂಥವರು ತಂಡ ಸಾಕಿದರು. ವಾಯುಪಡೆಗೂ ಒಂದು ತಂಡವಿತ್ತು, ಸೇನೆಯ ಕಡ್ಡಾಯ ಸೇವೆಗೆ ಹೋದ ಆಟಗಾರರದ್ದು. 2004ರ ಜುಲೈನಲ್ಲಿ ಬೂಸಾನ್‌ನ ಗ್ವಾಂಗಲ್ಲಿ ಕಡಲ ತೀರದಲ್ಲಿ ಲೀಗ್ ಫೈನಲ್ ಇಟ್ಟಾಗ ಒಂದು ಲಕ್ಷ ಜನ ಸೇರಿದ್ದರು ಎಂದು ನಡೆಸಿದವರು ಹೇಳಿದರು. ಜಾತ್ರೆಯ ಲೆಕ್ಕ ಯಾವತ್ತೂ ಸ್ವಲ್ಪ ಉಬ್ಬಿರುತ್ತದೆ, ಬಿಡಿ. ಆದರೆ ಅದೇ ಊರಲ್ಲಿ ಅದೇ ದಿನ ಅಲ್ಲಿನವರಿಗೆ ನಮ್ಮ ಕ್ರಿಕೆಟ್ ಇದ್ದ ಹಾಗಿರುವ ಬೇಸ್‌ಬಾಲ್‌ನ ಆಲ್‌ಸ್ಟಾರ್ ಪಂದ್ಯವಿತ್ತು ಅನ್ನೋದು ನೆನಪಿರಲಿ.

ಮತ್ತೆ ಯಾಕೆ ನಿಂತಿತು? 2010ರಲ್ಲಿ ದುಡ್ಡಿಗೆ ಪಂದ್ಯ ಸೋತವರು ಸಿಕ್ಕಿಬಿದ್ದರು, 11 ಜನರಿಗೆ ಆಜೀವ ನಿಷೇಧ. ಅದು ದೊಡ್ಡ ಪೆಟ್ಟು. ಆದರೆ ನನ್ನ ಲೆಕ್ಕದಲ್ಲಿ ಅಸಲಿ ಕಾರಣ ಬೇರೆ. ಕ್ರಿಕೆಟ್ ಯಾರಪ್ಪನ ಆಸ್ತಿಯೂ ಅಲ್ಲ. ನೀವು ಅರಸೀಕೆರೆಯಲ್ಲಿ ಟೂರ್ನಮೆಂಟ್ ಇಟ್ಟು ಕೇಬಲ್‌ನಲ್ಲಿ ತೋರಿಸಿದರೆ ಕೇಳುವವರಿಲ್ಲ. ಸ್ಟಾರ್‌ಕ್ರಾಫ್ಟ್‌ಗೆ ಮಾಲೀಕರಿದ್ದಾರೆ. ಪ್ರಸಾರದ ಹಕ್ಕನ್ನು ಅಲ್ಲಿ ಈ ಪಂದ್ಯಗಳನ್ನು ನೋಡಿಕೊಳ್ಳುತ್ತಿದ್ದ ಇ-ಸ್ಪೋರ್ಟ್ಸ್ ಸಂಘವೇ ಮಾರಿಕೊಂಡಾಗ ಬ್ಲಿಜರ್ಡ್ ಎದ್ದು ಕೂತಿತು. ಜಗಳ ಕೋರ್ಟಿಗೆ ಹೋಗಿ 2011ರಲ್ಲಿ ರಾಜಿಯಾಯಿತು. 2012ರ ಆರಂಭದಲ್ಲಿ ಎಂಬಿಸಿ ಗೇಮ್ ಸಂಗೀತದ ಚಾನೆಲ್ ಆಗಿ ಬದಲಾಯಿತು. ಆನ್‌ಗೇಮ್‌ನೆಟ್ 'ಲೀಗ್ ಆಫ್ ಲೆಜೆಂಡ್ಸ್' ಎಂಬ ಇನ್ನೊಂದು ಆಟ ಹಿಡಿದು ಮತ್ತೆ ಮೇಲೆದ್ದಿತು. 2019ಕ್ಕೆ ಅದನ್ನು ಮಾಡಿದ ರಾಯಟ್ ಕಂಪನಿ ಪ್ರಸಾರವನ್ನೂ ತಾನೇ ವಹಿಸಿಕೊಂಡಿತು. ಬೇರೆಯವರ ಹೊಲದಲ್ಲಿ ಇಪ್ಪತ್ತು ವರ್ಷ ಉತ್ತು ಬಿತ್ತಿದ ಹಾಗಾಯಿತು ಚಾನೆಲ್‌ನ ಕಥೆ.

ನಮ್ಮಲ್ಲಿ ಯಾಕಿಲ್ಲ ಅಂದಿರಿ. 2022ರಲ್ಲಿ ಸ್ಟಾರ್ ಸ್ಪೋರ್ಟ್ಸ್ 2ರಲ್ಲಿ ಬಿಜಿಎಂಐ ಎಂಬ ಮೊಬೈಲ್ ಆಟದ ಪಂದ್ಯಗಳು ಬಂದವು. ಅದರ ಕಂಪನಿ ಕ್ರಾಫ್ಟನ್ ಕೂಡ ಕೊರಿಯಾದ್ದೇ. ಇಲ್ಲಿನ ಅದರ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ಫೈನಲ್ ಮುಗಿದು ತಿಂಗಳಾಗುವ ಮೊದಲೇ ಸರ್ಕಾರದ ಆದೇಶದ ಮೇಲೆ ಆ ಆಟ ಫೋನಿನೊಳಗಿನ ಆ್ಯಪ್ ಅಂಗಡಿಗಳಿಂದಲೇ ಮಾಯವಾಯಿತು! ಮತ್ತೆ ಬಂದದ್ದು 2023ರ ಮೇನಲ್ಲಿ. ಇಂಥ ಆಟ ನಂಬಿಕೊಂಡು ಯಾವ ಚಾನೆಲ್‌ನವರು ವರ್ಷದ ಪಟ್ಟಿ ಹಾಕಿಕೊಳ್ಳುತ್ತಾರೆ? ಹುಡುಗರೂ ಕಾಯುವುದಿಲ್ಲ, ಯೂಟ್ಯೂಬ್ ಹಾಕಿಕೊಳ್ಳುತ್ತಾರೆ. ನಿಮ್ಮ ಟೀವಿಯಲ್ಲಿ ಮೊಮ್ಮಗ ನೋಡುತ್ತಿರುವುದೂ ಬಹುಶಃ ಅದನ್ನೇ.

ಪತ್ರದ ಅಂಚಿನಲ್ಲಿ ಬೇರೆ ಕೈಬರಹದಲ್ಲಿ ಒಂದು ಸಾಲಿದೆ: "ಹುಡುಗಿಯರೂ ಆಡ್ತಿದ್ರಾ?" ಮೊಮ್ಮಗಳಿರಬೇಕು. ಆಡ್ತಿದ್ರು ಪುಟ್ಟಿ. ಸೊ ಜಿ-ಸು ಅಂತ ಒಬ್ಬಳು ಹುಡುಗರ ತಂಡದಲ್ಲೇ ಸಂಬಳದ ಆಟಗಾರ್ತಿಯಾಗಿದ್ದಳು. ಅವಳೂ ಟೆರನ್. ಅಣ್ಣನಿಗೆ ಗೊತ್ತಾ ಕೇಳು.